ಕಾಸಿನಷ್ಟು

ಲಾಂಡ್ರಿಯ ಯಜಮಾನಿಗೆ ಬೆಳಗಾಗುತ್ತಲೇ ಸಿಟ್ಟು ನೆತ್ತಿಗೇರಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವರು ಸೇರಿ ಅವಳ ಹೊಸ ಒಗೆಯುವ ಮಷೀನನ್ನು ತಳ್ಳುಗಾಡಿಯಿಂದ ಎತ್ತಿ ಸರಪಳಿಗೆ ತೂಗುಹಾಕುತ್ತಿದ್ದರು. ಮಷೀನು ಎಂದರೆ ಮನೆಯಲ್ಲಿರುವಂಥದ್ದಲ್ಲ, ಎರಡು ಎಮ್ಮೆಯ ತೂಕದ ಕಬ್ಬಿಣ. ಅದರ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದವನು ಆಗಾಗ ಕೂಗುತ್ತಿದ್ದ.

"ಅಣ್ಣಾ, ಕಾಸು!"

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಅಣ್ಣಾ, ಇನ್ನೊಂದು ಕಾಸು!"

ಯಜಮಾನಿ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದುಬಂದಳು. "ಏನ್ರೀ ಇದು? ಮಷೀನು ಇನ್ನೂ ಕೆಳಗಿಳಿದಿಲ್ಲ, ಆಗಲೇ ಕಾಸು ಕಾಸು ಅಂತ ಬಡ್ಕೊಳ್ತಿದೀರಲ್ಲ? ಅಡ್ವಾನ್ಸು ಕೊಟ್ಟಿಲ್ವಾ ನಾನು?"

ಸರಪಳಿಯ ಬಳಿ ನಿಂತಿದ್ದ ಹೆಂಗಸಿಗೆ ನಗು ತಡೆಯಲಾಗಲಿಲ್ಲ. "ಅದು ದುಡ್ಡಿನ ಕಾಸಲ್ಲಮ್ಮ, ಅಳತೆ. ಕಾಸಿನ ದಪ್ಪ ಎಷ್ಟಿರುತ್ತೋ ಅಷ್ಟೇ ಎತ್ತು, ಅಷ್ಟೇ ಇಳಿಸು ಅಂತ," ಎಂದು ಅಂಗಿಯ ಜೇಬಿನಿಂದ ಒಂದು ತಾಮ್ರದ ಬಿಲ್ಲೆ ತೆಗೆದು ತೋರಿಸಿದಳು. ಸವೆದು ಸವೆದು ಅದರ ಮೇಲಿನ ತಲೆಯೂ ಹೋಗಿತ್ತು, ಅಂಕಿಯೂ ಹೋಗಿತ್ತು. ಭಿಕ್ಷುಕನ ತಟ್ಟೆಗೆ ಹಾಕಿದರೆ ಅವನು ತಿರುಗಿಸಿ ಎಸೆಯುತ್ತಿದ್ದ.

"ನನ್ನ ಕೈಯಲ್ಲೂ ಕಾಸು ಇಳೀತಾನೇ ಇರುತ್ತೆ ಬಿಡಿ, ಯಾರೂ ಕೂಗಿ ಹೇಳಬೇಕಾಗಿಲ್ಲ," ಎಂದು ಯಜಮಾನಿ ತಾನೂ ನಕ್ಕು ತಣ್ಣಗಾದಳು.

ಆ ಹೆಂಗಸಿಗೆ ಕೆಲಸದ ಜಾಗದಲ್ಲೆಲ್ಲ ಅತ್ತಿಗೆ ಎಂದೇ ಹೆಸರು. ಮೈದುನ ಕರೆಯುವುದನ್ನು ಕೇಳಿ ಕೇಳಿ ಕಾರ್ಖಾನೆಯ ಮ್ಯಾನೇಜರುಗಳೂ, ಲಾರಿಯವರೂ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಮುದುಕರೂ ಅತ್ತಿಗೆ ಎನ್ನುತ್ತಿದ್ದರು. ಅವಳ ಗಂಡ ದೊಡ್ಡವನು, ಮೈದುನ ಚಿಕ್ಕವನು. ಭಾರದ ಯಂತ್ರಗಳನ್ನು ಕ್ರೇನು ನುಗ್ಗದ ಜಾಗಕ್ಕೆ ಇಳಿಸುವುದು, ಏರಿಸುವುದು ಇವರ ಮನೆತನದ ಕೆಲಸ.

ಜನರ ಬಾಯಲ್ಲಿ ಕಾಸಿಗೆ ಎಂಥ ಮರ್ಯಾದೆ ಇದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕೈಲಾಗದವನನ್ನು ಮೂರು ಕಾಸಿಗೂ ಬೇಡದವನು ಎನ್ನುತ್ತಾರೆ, ಜಿಪುಣನನ್ನು ಕಾಸು ಬಿಚ್ಚದವನು ಎನ್ನುತ್ತಾರೆ, ಬೇಡದವರ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಪಾಪ, ಅಷ್ಟು ಸಣ್ಣ ಪದಕ್ಕೆ ಇಷ್ಟೊಂದು ಬೈಗುಳದ ಹೊರೆ. ಈ ಮನೆಯಲ್ಲಿ ಮಾತ್ರ ಅದರ ಗತ್ತೇ ಬೇರೆ. ದುಡ್ಡಿಗೆ ಇವರು ದುಡ್ಡು ಎಂದೇ ಹೇಳುತ್ತಾರೆ. ಕಾಸು ಎಂದರೆ ಅಳತೆ. ಹೊರೆ ಇಳಿಸುವಾಗ ಮೊದಲು ಮೊಳ, ಆಮೇಲೆ ಗೇಣು, ಆಮೇಲೆ ಬೆರಳು, ಎಲ್ಲಕ್ಕಿಂತ ಕೊನೆಗೆ ಕಾಸು. ಸರಪಳಿಯನ್ನು ಒಂದು ಹಿಡಿ ಜಗ್ಗಿದರೆ ಕೆಳಗಿನ ಹೊರೆ ಸರಿಯಾಗಿ ಆ ತಾಮ್ರದ ಬಿಲ್ಲೆಯ ದಪ್ಪದಷ್ಟು ಸರಿಯುತ್ತದೆ ಎಂದು ಕಂಡುಹಿಡಿದವರು ಅವಳ ಮಾವ. ಯಂತ್ರ ಕೂತ ಮೇಲೆ ಅದರ ಒಂದೊಂದು ಕಾಲಿನ ಅಡಿಗೂ ಆ ಬಿಲ್ಲೆಯನ್ನು ತೂರಿಸಿ ನೋಡುವುದೂ ಅವರೇ ಹಾಕಿಕೊಟ್ಟ ಪದ್ಧತಿ. ಎಲ್ಲೂ ತೂರದಿದ್ದರೆ ಕೆಲಸ ಮುಗಿಯಿತು.

ಮದುವೆಯಾಗಿ ಬಂದ ಹೊಸತರಲ್ಲಿ ಅವಳೂ ಯಜಮಾನಿಯ ಹಾಗೆಯೇ ಬೇಸ್ತುಬಿದ್ದಿದ್ದಳು. ಅತ್ತೆ ಒಲೆಯ ಮುಂದೆ ನಿಂತು "ಕಾಸು ಉಪ್ಪು ಹಾಕಮ್ಮ" ಎಂದರೆ ಉಪ್ಪಿಗೆ ದುಡ್ಡು ಕೇಳುತ್ತಿದ್ದಾರೇನೋ ಎಂದು ಪರ್ಸು ಹುಡುಕಿದ್ದಳು. ಈ ಮನೆಯಲ್ಲಿ ಜ್ವರ ಇಳಿಯುವುದೂ ಕಾಸು ಕಾಸಾಗಿ, ಹಾಸಿಗೆಯಲ್ಲಿ ಪಕ್ಕಕ್ಕೆ ಸರಿ ಎನ್ನುವುದೂ ಕಾಸು ಸರಿ, ಬಾಗಿಲು ಬಿಗಿಯಾದರೆ ಹತ್ತರಿ ಹೊಡೆಯುವುದೂ ಕಾಸಿನಷ್ಟು. ಯಾರಾದರೂ "ಕಾಸಿಗೆ ಬಾರದ್ದು" ಎಂದರೆ ಮಾವ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದರು. "ಒಂದು ಕಾಸು ಹೆಚ್ಚು ಇಳಿದಿದ್ದಕ್ಕೆ ನನ್ನ ಗೆಳೆಯನ ಹೆಬ್ಬೆರಳು ಹೋಯ್ತು. ಕಾಸು ಸಣ್ಣದು ಅನ್ನೋನು ಬಂದು ಅದರಡಿ ಕೈ ಇಟ್ಟು ನೋಡಲಿ," ಎನ್ನುತ್ತಿದ್ದರು.

ಮಾವ ಇನ್ನೊಂದು ನಿಯಮವನ್ನೂ ಬಿಟ್ಟುಹೋಗಿದ್ದರು. ಸರಪಳಿ ಹಿಡಿದವನು ಕೊನೆಯ ಬೆರಳಿನಷ್ಟು ಉಳಿದಾಗ ಕಣ್ಣು ಮುಚ್ಚಬೇಕು. ಕಣ್ಣು ಬಿಟ್ಟಿದ್ದರೆ ಅಂದಾಜು ಮಾಡಲು ಮನಸ್ಸಾಗುತ್ತದೆ, ಅಂದಾಜು ಮಾಡಿದವನ ಕೈ ತಪ್ಪುತ್ತದೆ. ಕೆಳಗೆ ಕೈ ಇಟ್ಟವನು ಏನು ಕೂಗುತ್ತಾನೋ ಅಷ್ಟೇ, ಕೂಗದಿದ್ದರೆ ಕಲ್ಲಿನ ಹಾಗೆ ನಿಲ್ಲಬೇಕು. ದೊಡ್ಡವನು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಅವನು ಕಣ್ಣು ಮುಚ್ಚಿ ನಿಂತರೆ ನೋಡಿದವರು ಭಕ್ತಿಯಿಂದ ಸುಮ್ಮನಾಗುತ್ತಿದ್ದರು.

ಅವನ ಗುಟ್ಟು ಇಷ್ಟು ದಿನ ಉಳಿದದ್ದೂ ಅದರಿಂದಲೇ. ದೊಡ್ಡವನಿಗೆ ಕಿವಿ ಕೇಳುತ್ತಿರಲಿಲ್ಲ.

ಒಂದೇ ದಿನ ಹೋದ ಕಿವಿಯಲ್ಲ ಅದು. ಕಾರ್ಖಾನೆಗಳ ಸದ್ದಿನಲ್ಲಿ ವರ್ಷಗಟ್ಟಲೆ ಸವೆದು, ಕೊನೆಗೆ ಒಂದು ಜ್ವರ ಬಂದು ಉಳಿದದ್ದನ್ನೂ ಒರೆಸಿಕೊಂಡು ಹೋಗಿತ್ತು. ನರವೇ ಸತ್ತಿದೆ, ಕಿವಿಗೆ ಮಷೀನು ಹಾಕಿದರೂ ಪ್ರಯೋಜನವಿಲ್ಲ ಎಂದರು ಡಾಕ್ಟರು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಅರ್ಧ ಅರ್ಥ ಮಾಡಿಕೊಳ್ಳುತ್ತಿದ್ದ, ಉಳಿದ ಅರ್ಧಕ್ಕೆ ನಕ್ಕುಬಿಡುತ್ತಿದ್ದ. ಮೊದಲೇ ಮಿತಭಾಷಿ, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅಂದಿನಿಂದ ಅತ್ತಿಗೆ ಅಡುಗೆಮನೆ ಬಿಟ್ಟು ಅವನ ಬೆನ್ನ ಹಿಂದೆ ನಿಲ್ಲತೊಡಗಿದಳು. ಸರಪಳಿ ಗಂಟು ಬೀಳದ ಹಾಗೆ ನೋಡಿಕೊಳ್ಳಲು ಎಂದು ಹೇಳಿದರು, ಎಲ್ಲರೂ ನಂಬಿದರು. ಚಿಕ್ಕವನು ಕೆಳಗಿನಿಂದ ಕೂಗಿದ ತಕ್ಷಣ ಅವಳು ಗಂಡನ ಬೆನ್ನಿಗೆ ಬೆರಳು ಒತ್ತುತ್ತಿದ್ದಳು. ಒಮ್ಮೆ ಒತ್ತಿದರೆ ಒಂದು ಕಾಸು ಇಳಿಸು. ಅಂಗಿಯ ಅಂಚು ಹಿಡಿದು ಎಳೆದರೆ ಎತ್ತು.

ಚಿಕ್ಕವನಿಗೆ ಇದು ಗೊತ್ತಿಲ್ಲ ಎನ್ನುವುದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಇವತ್ತಂತೂ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನು ಒಂದು ಸುದ್ದಿ ಹೇಳಿದ್ದ.

"ಕ್ರೇನ್ ಕಂಪನಿಯವರು ಮತ್ತೆ ಕರೆದಿದ್ರು ಅತ್ತಿಗೆ. ಸಂಬಳ ಜಾಸ್ತಿ, ವಾರಕ್ಕೊಂದು ರಜ, ಎಲ್ಲ ಹೇಳಿದ್ರು. ನಾ ಒಲ್ಲೆ ಅಂದೆ."

"ಯಾಕೋ?"

"ಅಲ್ಲಿ ಮೇಲೆ ಕೂತು ಬಟನ್ ಒತ್ತೋನು ಯಾರೋ ಏನೋ. ನಾನು ಹೊರೆ ಕೆಳಗೆ ಕೈ ಇಡೋದು ನಮ್ಮಣ್ಣನ ಕಿವಿ ನಂಬಿ. ಬೇರೆಯವರನ್ನ ನಂಬಿ ಕೈ ಇಡಲ್ಲ ಅಂದೆ."

ಎಲ್ಲರೂ ನಕ್ಕರು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ದೊಡ್ಡವನೂ ನಕ್ಕ. ಅತ್ತಿಗೆ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಕೆಲಸಕ್ಕೆ ಹೊರಡುವ ಮುನ್ನ ಹಗ್ಗ ಸುತ್ತುವಾಗ ಅವಳು ಗಂಡನ ಎದುರಿಗೆ ಹೋಗಿ ನಿಂತಳು. "ಇವತ್ತು ಹೇಳಿಬಿಡೋಣ ರೀ. ನನ್ನ ಕೈಲಿ ಆಗಲ್ಲ ಇನ್ನು."

"ಈ ಕೆಲಸ ಒಂದು ಮುಗೀಲಿ."

"ಹೋದ ಸಲಾನೂ ಇದನ್ನೇ ಅಂದ್ರಿ."

ಅವನು ಅವಳ ತುಟಿಯಿಂದ ಹಗ್ಗದ ಮೇಲೆ ಕಣ್ಣು ಇಳಿಸಿದ. "ಕಿವಿ ಹೋಯ್ತು ಅಂತ ಗೊತ್ತಾದ ದಿನ ನಾನು ಮೂಲೇಲಿ ಕೂರೋ ಮುದುಕ ಕಣೇ. ಸರಪಳಿ ಮುಟ್ಟೋಕೂ ಬಿಡಲ್ಲ ಅವನು. ಈ ಒಂದು ಆಗ್ಲಿ. ಸಾಯಂಕಾಲ ನಾನೇ ಹೇಳ್ತೀನಿ."

ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಯ್ಯೋ ಎನ್ನಿಸಿತು. ಅಯ್ಯೋ ಎನ್ನಿಸಿದ್ದೇ ಎಡವಟ್ಟಾಯಿತು. ಆಗಲಿ ಎಂದು ತಲೆಯಾಡಿಸಿದಳು.

ಈಗ ಕೋಣೆಯ ನೆಲದಲ್ಲಿ ತೆರೆದಿದ್ದ ದೊಡ್ಡ ಕಿಂಡಿಯ ಮೇಲೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ನಿಂತಿತ್ತು. ಅದರ ತುದಿಯಿಂದ ಚೈನ್ ಪುಲ್ಲಿ ಇಳಿದಿತ್ತು, ಪುಲ್ಲಿಯಲ್ಲಿ ಮಷೀನು ತೂಗುತ್ತಿತ್ತು. ಕೆಳಗೆ ನೆಲಮಾಳಿಗೆಯಲ್ಲಿ ಹೊಸದಾಗಿ ಕಟ್ಟಿದ ಸಿಮೆಂಟು ಕಟ್ಟೆ, ಅದರಿಂದ ಮೇಲೆದ್ದ ನಾಲ್ಕು ದಪ್ಪ ಬೋಲ್ಟುಗಳು. ಮಷೀನಿನ ತಳದ ನಾಲ್ಕು ತೂತುಗಳು ಆ ಬೋಲ್ಟುಗಳಿಗೆ ಸರಿಯಾಗಿ ಕೂರಬೇಕು. ಚಿಕ್ಕವನು ಯಜಮಾನಿಯನ್ನು ಗಲ್ಲಾಕ್ಕೆ ಅಟ್ಟಿ, ನಡುವಿನ ಬಾಗಿಲು ಹಾಕಿ, ಏಣಿ ಇಳಿದುಹೋದ. ಹೊರೆ ತೂಗುವಾಗ ಹೊರಗಿನವರು ಹತ್ತಿರವಿರಬಾರದು. ಅದೂ ಮಾವನ ಕಟ್ಟಳೆಯೇ.

ಇಳಿಸುವುದು ಚೆನ್ನಾಗಿಯೇ ಶುರುವಾಯಿತು. ಪಕ್ಕದ ಕೋಣೆಯಲ್ಲಿ ಬಟ್ಟೆ ಒಣಗಿಸುವ ಯಂತ್ರಗಳು ಗುರುಗುಟ್ಟುತ್ತಿದ್ದವು. ಅದರ ನಡುವೆಯೂ ಚಿಕ್ಕವನ ದನಿ ಖಣಖಣ ಮೇಲೆ ಬರುತ್ತಿತ್ತು. "ಅಣ್ಣಾ, ಮೊಳ!" ಅತ್ತಿಗೆ ಗಂಡನ ಬೆನ್ನಿಗೆ ಅಂಗೈ ಇಟ್ಟು ಉಜ್ಜಿದಳು, ಸರಪಳಿ ಸರಸರ ಓಡಿತು. "ಅಣ್ಣಾ, ಗೇಣು!" "ಅಣ್ಣಾ, ಬೆರಳು!" ಮಷೀನಿನ ತಲೆ ಕಿಂಡಿಯೊಳಗೆ ಮುಳುಗಿ ಕತ್ತಲಲ್ಲಿ ಮಬ್ಬಾಯಿತು. ಚಿಕ್ಕವನು ಮುನ್ನೆಚ್ಚರಿಕೆಗೆ ಅದರ ಅಂಚಿನಡಿ ಎರಡು ಮರದ ತುಂಡು ಇಟ್ಟದ್ದು ಸದ್ದಿನಿಂದಲೇ ತಿಳಿಯಿತು.

"ಅಣ್ಣಾ, ಮೂರು ಕೂತಿದೆ. ನಾಲ್ಕನೇದು ಮೊಂಡು ಹಿಡಿದಿದೆ. ಕೈ ಹಾಕ್ತಿದೀನಿ. ಹೇಳೋವರೆಗೆ ಅಲ್ಲಾಡಬೇಡ."

ಅವಳು ಗಂಡನ ಬೆನ್ನಿನ ಮೇಲೆ ಅಂಗೈ ಒತ್ತಿ ಹಿಡಿದಳು. ಹಾಗೆ ಹಿಡಿದರೆ ನಿಲ್ಲು ಎಂದರ್ಥ. ಅವನು ಕಣ್ಣು ಮುಚ್ಚಿದ.

ಆಗ ಅವಳ ಕಣ್ಣು ಸ್ಟ್ಯಾಂಡಿನ ಹಿಂದಿನ ಕಾಲಿನ ಮೇಲೆ ಬಿತ್ತು.

ಲಾಂಡ್ರಿಯ ನೆಲ ಎಂದರೆ ಎಷ್ಟು ಒರೆಸಿದರೂ ಸೋಪಿನ ನೀರು. ಕಾಲಿಗೆ ಗೋಣಿಚೀಲ ಹಾಕಿ, ಮೂರು ಕಾಲುಗಳನ್ನೂ ಸುತ್ತಿ ಹಗ್ಗ ಬಿಗಿದಿದ್ದರು. ಆದರೂ ಗೋಣಿಯ ಅಡಿಯಿಂದ ಬಿಳಿ ನೊರೆ ಕಾಣಿಸಿತು. ಕಾಲು ಕದಲಿತ್ತು. ಹೆಚ್ಚೇನಲ್ಲ, ಕಾಸಗಲ. ಅವಳು ನೋಡುತ್ತಿದ್ದ ಹಾಗೆಯೇ ಇನ್ನೊಂದು ಕಾಸಗಲ ಜಾರಿತು, ಬಿಗಿದ ಹಗ್ಗ ಕಿರ್ರೆಂದಿತು.

ಯೋಚನೆ ಮಾಡಲು ಹೊತ್ತಿರಲಿಲ್ಲ. ಗಂಡನ ಬೆನ್ನಿನಿಂದ ಕೈ ತೆಗೆದು ಹಿಂದಕ್ಕೆ ಹಾರಿ, ಗೋಡೆಗೆ ಬೆನ್ನು ಕೊಟ್ಟು ಕೂತು, ಎರಡೂ ಪಾದಗಳನ್ನು ಆ ಕಬ್ಬಿಣದ ಕಾಲಿಗೆ ಒತ್ತಿ ಹಿಡಿದಳು. ಜಾರುವುದು ನಿಂತಿತು. ಆದರೆ ನಿಲ್ಲುವ ಮುಂಚೆ ಸ್ಟ್ಯಾಂಡು ಒಮ್ಮೆ ಕುಲುಕಿತ್ತು. ಕೆಳಗೆ ಮರ ಸೀಳಿದ ಸದ್ದಾಯಿತು, ಆಮೇಲೆ ಚಿಕ್ಕವನ ಕೂಗು.

"ಅಣ್ಣಾ! ಎತ್ತು! ಕಾಸು ಎತ್ತು! ಕೈ ಸಿಕ್ಕಿದೆ!"

ದೊಡ್ಡವನು ಕಣ್ಣು ಮುಚ್ಚಿ, ಅವಳಿಗೆ ಬೆನ್ನು ತೋರಿಸಿ, ನಿಂತೇ ಇದ್ದ.

"ರೀ!" ಎಂದು ಅವಳು ಗಂಟಲು ಹರಿಯುವ ಹಾಗೆ ಕಿರುಚಿದಳು. ಕಿರುಚುತ್ತಲೇ, ಎಂಥ ದಡ್ಡಿ ನಾನು, ಯಾರನ್ನು ಕರೆಯುತ್ತಿದ್ದೇನೆ ಎನ್ನಿಸಿತು. ಕೈ ಚಾಚಿದಳು. ಅವನ ಅಂಗಿಯ ಅಂಚಿಗೂ ಅವಳ ಬೆರಳಿಗೂ ನಡುವೆ ಎರಡು ಮೊಳ ಉಳಿಯಿತು. ಪಾದ ತೆಗೆದರೆ ಸ್ಟ್ಯಾಂಡು ಜಾರುತ್ತದೆ, ಇಡೀ ಕಬ್ಬಿಣ ಚಿಕ್ಕವನ ಮೈಮೇಲೆ ಬೀಳುತ್ತದೆ. ತೆಗೆಯದಿದ್ದರೆ ಗಂಡನಿಗೆ ಏನೂ ತಿಳಿಯುವುದಿಲ್ಲ. "ಯಜಮಾನಿಯವ್ರೇ! ಯಾರಾದ್ರೂ ಬನ್ನಿ!" ಎಂದು ಕೂಗಿದಳು. ಬಾಗಿಲಿನಾಚೆ ಒಣಗಿಸುವ ಯಂತ್ರಗಳು ಗುರುಗುಟ್ಟುತ್ತಲೇ ಇದ್ದವು.

"ಅಣ್ಣಾ! ಕೇಳಿಸ್ತಾ? ಮರ ಸೀಳ್ತಿದೆ ಅಣ್ಣಾ!"

ಆಗ ಅವಳು ಗಂಡನ ಮುಖ ಪಕ್ಕಕ್ಕೆ ಹೊರಳಿದ್ದನ್ನು ಕಂಡಳು. ಆ ಮುಖದಲ್ಲಿ ಸಣ್ಣ ನಗು ಇತ್ತು. ಮಷೀನು ಚಿಕ್ಕವನ ಕೈಯ ಮೇಲೆ, ಸೀಳಿದ ಮರದ ಮೇಲೆ ಒರಗಿದ್ದರಿಂದ ಸರಪಳಿಯ ಭಾರ ಇಳಿದಿತ್ತು. ದೊಡ್ಡವನ ಕೈಗೆ ಅದು ಬೇರೆಯೇ ಕಥೆ ಹೇಳುತ್ತಿತ್ತು. ನಾಲ್ಕೂ ಬೋಲ್ಟು ಕೂತವು, ಹೊರೆ ನೆಲಕ್ಕೆ ಮುಟ್ಟಿತು, ಇನ್ನು ಸರಪಳಿ ಸಡಿಲ ಬಿಟ್ಟು ಕೊಕ್ಕೆ ಬಿಚ್ಚುವುದೊಂದೇ ಬಾಕಿ. ಇಷ್ಟು ವರ್ಷ ಕೆಲಸ ಮಾಡಿದವನ ಕೈ ಅದು, ಸುಳ್ಳು ಹೇಳುವುದು ಅದಕ್ಕೆ ಗೊತ್ತಿಲ್ಲ. ಇಂದು ಅದು ಮೋಸಹೋಗಿತ್ತು. ಅವನ ಬಲಗೈ ಮೆಲ್ಲಗೆ ಸರಪಳಿಯ ಇಳಿಸುವ ಬದಿಗೆ ಸರಿಯಿತು. ಬೆನ್ನ ಮೇಲೆ ಬೆರಳು ಬೀಳುವುದನ್ನೇ ಕಾಯುತ್ತಿದ್ದ. ಎಷ್ಟು ಹೊತ್ತು ಕಾಯುತ್ತಾನೆ? ಕೆಲಸ ಮುಗಿದ ಸಂತೋಷದಲ್ಲಿ ತಾನೇ ಒಂದು ಹಿಡಿ ಜಗ್ಗಿದರೆ?

"ಅತ್ತಿಗೆ! ಅಣ್ಣನಿಗೇನಾಯ್ತು? ಯಾಕೆ ಸುಮ್ನಿದಾನೆ? ನಾನು ಕೈ ಕಿತ್ಕೊಳ್ತೀನಿ—"

"ಬೇಡ!" ಅವನು ಕೈ ಕಿತ್ತುಕೊಂಡರೆ ಮರದ ತುಂಡು ಮಗುಚುತ್ತದೆ, ಆಮೇಲೆ ಕೈಯಲ್ಲ, ತೋಳೇ ಹೋಗುತ್ತದೆ. ಅದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು, ಆದರೆ ನೋವಿನಲ್ಲಿ ಯಾರಿಗೆ ಬುದ್ಧಿ ನೆಟ್ಟಗಿರುತ್ತದೆ? "ಅಲ್ಲಾಡಬೇಡ ಕಣೋ! ಅವರಿಗೆ ಕೇಳಿಸಿಲ್ಲ! ಅವರಿಗೆ ಕಿವಿ ಕೇಳಲ್ಲ!"

"ಏನು?"

"ಕಿವಿ ಇಲ್ಲ ಅವರಿಗೆ! ಹೋಗಿ ತುಂಬ ದಿನ ಆಯ್ತು! ನಾನೇ ಬೆನ್ನು ಮುಟ್ಟಿ ಹೇಳ್ತಿದ್ದೆ! ಈಗ ಮುಟ್ಟೋಕೆ ಆಗ್ತಿಲ್ಲ, ಸ್ಟ್ಯಾಂಡ್ ಜಾರ್ತಿದೆ! ಅಲ್ಲಾಡಬೇಡ, ಏನಾದ್ರೂ ಮಾಡ್ತೀನಿ!"

ಕೆಳಗಿನ ಕೂಗು ಥಟ್ಟನೆ ನಿಂತಿತು.

ಏನಾದರೂ ಮಾಡುತ್ತೇನೆ ಎಂದಳೇ ಹೊರತು ಮಾಡುವುದೇನು? ಚಪ್ಪಲಿ ಬಾಗಿಲ ಬಳಿ ಬಿಟ್ಟಿದ್ದಳು. ಸ್ಪ್ಯಾನರು, ಸುತ್ತಿಗೆ ಎಲ್ಲ ಕಿಂಡಿಯ ಆಚೆ ಬದಿಗಿದ್ದವು. ಜೇಬು ತಡವಿದಳು. ಕೈಗೆ ಸಿಕ್ಕಿದ್ದು ಆ ತಾಮ್ರದ ಬಿಲ್ಲೆ ಒಂದೇ.

ಬೆನ್ನಿಗೆ ಎಸೆಯುವ ಹಾಗಿಲ್ಲ. ಬೆನ್ನಿಗೆ ಏನು ಬಡಿದರೂ ಅವನು ಬೆರಳೆಂದೇ ತಿಳಿಯುತ್ತಾನೆ, ಒಂದು ಕಾಸು ಇಳಿಸಿಬಿಡುತ್ತಾನೆ. ಮಾವನ ಗೆಳೆಯನ ಹೆಬ್ಬೆರಳು ಹೋದದ್ದು ಆ ಒಂದು ಕಾಸಿಗೇ. ಬೆನ್ನು ಬಿಟ್ಟು ಬೇರೆಲ್ಲಾದರೂ ತಾಗಬೇಕು. ತಲೆ, ಕತ್ತು, ಕಿವಿ. ಗುರಿಯ ವಿಷಯದಲ್ಲಿ ಅವಳ ಕೀರ್ತಿ ಮನೆಯಲ್ಲೆಲ್ಲ ಹಬ್ಬಿತ್ತು. ಒಮ್ಮೆ ಇಲಿಗೆಂದು ಪೊರಕೆ ಬೀಸಿ ಗೋಡೆ ಗಡಿಯಾರ ಒಡೆದಿದ್ದಳು, ಇಲಿ ನಿಂತು ನೋಡಿಕೊಂಡು ಹೋಗಿತ್ತು ಎಂದು ಚಿಕ್ಕವನು ಇವತ್ತಿಗೂ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಇರುವುದು ಒಂದೇ ಬಿಲ್ಲೆ. ತಪ್ಪಿದರೆ ಎರಡನೆಯದಿಲ್ಲ.

ದೊಡ್ಡವನ ಬೆರಳುಗಳು ಸರಪಳಿಯನ್ನು ಬಿಗಿಯಾಗಿ ಹಿಡಿದವು.

ಅವಳು ಎಸೆದಳು.

ಬಿಲ್ಲೆ ಅವನ ಎಡಗಿವಿಗೆ ಹೋಗಿ ಬಡಿಯಿತು, ಆ ಕೆಲಸಕ್ಕೆ ಬಾರದ ಕಿವಿಗೇ, ಅಲ್ಲಿಂದ ಪುಟಿದು ಕಿಂಡಿಯೊಳಗೆ ಬಿತ್ತು. ಅವನು ಬೆಚ್ಚಿಬಿದ್ದು ಕಣ್ಣು ತೆರೆದ, ಕಿವಿ ಹಿಡಿದು ತಿರುಗಿದ. ಬೆನ್ನ ಹಿಂದೆ ಇರಬೇಕಾದ ಹೆಂಡತಿ ಅಲ್ಲಿರಲಿಲ್ಲ. ಅವಳು ನೆಲದಲ್ಲಿ ಕೂತು, ಎರಡೂ ಕಾಲು ಚಾಚಿ ಸ್ಟ್ಯಾಂಡನ್ನು ಒತ್ತಿ ಹಿಡಿದು, ತನ್ನ ಅಂಗಿಯ ಅಂಚನ್ನು ತಾನೇ ಹಿಡಿದು ಮೇಲಕ್ಕೆ ಎಳೆದೆಳೆದು ತೋರಿಸುತ್ತಿದ್ದಳು. ಬಾಯಿ ದೊಡ್ಡದಾಗಿ ತೆರೆದಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅವನಿಗೆ ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಅವನ ಕೈ ಸರಪಳಿಯ ಆ ಬದಿಯಿಂದ ಈ ಬದಿಗೆ ಹಾರಿತು.

"ಹೇಳೋ!" ಎಂದು ಅತ್ತಿಗೆ ಕಿಂಡಿಯತ್ತ ಕೂಗಿದಳು. "ಈಗ ನೋಡ್ತಿದಾರೆ! ಹೇಳು!"

ಕೆಳಗಿನಿಂದ ಮರ ಸೀಳುವ ಸದ್ದು ಮಾತ್ರ ಬಂತು.

"ಹೇಳೋ ನನ್ನಪ್ಪ! ನನ್ನನ್ನ ಆಮೇಲೆ ಎಷ್ಟು ಬೇಕಾದ್ರೂ ಬೈಕೋ! ಈಗ ಹೇಳು!"

"...ಕಾಸು," ಎಂದಿತು ದನಿ. ಅಣ್ಣಾ ಎನ್ನಲಿಲ್ಲ.

ಅವಳು ಅಂಗಿ ಎಳೆದಳು. ಕಣ್ಣು ಮಿಟುಕಿಸದೆ ನೋಡುತ್ತಿದ್ದ ದೊಡ್ಡವನು ಒಂದು ಹಿಡಿ ಜಗ್ಗಿದ. ಒಂದೇ ಹಿಡಿ. ಹೆಚ್ಚು ಜಗ್ಗಿದರೆ ಮಷೀನು ಬೋಲ್ಟು ಬಿಟ್ಟು ತೂಗಾಡಿ ತಮ್ಮನನ್ನು ಗೋಡೆಗೆ ಅಪ್ಪಳಿಸುತ್ತದೆ.

"ಕಾಸು."

ಇನ್ನೊಂದು ಹಿಡಿ.

"ಇನ್ನೊಂದು... ಅಯ್ಯಮ್ಮಾ... ಸಾಕು. ಬಂತು. ಕೈ ಬಂತು."

ಅವಳು ಎರಡೂ ಅಂಗೈ ಎತ್ತಿ ಗಂಡನಿಗೆ ನಿಲ್ಲು ಎಂದು ತೋರಿಸಿದಳು.

ಚಿಕ್ಕವನು ಒಂದೇ ಕೈಯಲ್ಲಿ ಏಣಿ ಹತ್ತಿ ಬಂದ. ಬಲಗೈಯ ಎರಡು ಬೆರಳಿನ ಉಗುರು ಒಡೆದು ರಕ್ತ ಸುರಿಯುತ್ತಿತ್ತು, ಬೆರಳುಗಳು ಆಗಲೇ ಊದಿಕೊಂಡಿದ್ದವು. ಮೂಳೆಗೆ ಪೆಟ್ಟಾಗಿರಬಹುದು, ಆದರೆ ಕೈ ಇತ್ತು. ಅವನು ನಡುವಿನ ಬಾಗಿಲು ಒದ್ದು ತೆರೆದು ಒಂದು ಟವೆಲ್ಲು ಕೇಳಿದ. ಓಡಿಬಂದ ಯಜಮಾನಿ ರಕ್ತ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ ದೇವರೇ! ನಡೀರಿ ಆಸ್ಪತ್ರೆಗೆ, ಮಷೀನು ಹಾಳಾಗಿ ಹೋಗಲಿ!"

"ಅದು ಇನ್ನೂ ತೂಗ್ತಿದೆಯಮ್ಮ. ಬಿಟ್ಟುಹೋದ್ರೆ ಸ್ಟ್ಯಾಂಡ್ ಸಮೇತ ಬೀಳುತ್ತೆ. ನೀವು ಗಲ್ಲಾಕ್ಕೆ ಹೋಗಿ," ಎಂದ ಅವನು. ದನಿ ತಣ್ಣಗಿತ್ತು. ಯಜಮಾನಿ ಸದ್ದಿಲ್ಲದೆ ಹೋದಳು.

ಅವನು ಬೆರಳಿಗೆ ಟವೆಲ್ಲು ಸುತ್ತಿಕೊಳ್ಳುತ್ತ ಅತ್ತಿಗೆಯ ಮುಂದೆ ಬಂದು ನಿಂತ. ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ.

"ಯಾವತ್ತಿಂದ?"

"ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಮಾಡಿದ್ವಲ್ಲ, ಆವತ್ತಿಂದ."

ಅವನು ಮನಸ್ಸಿನಲ್ಲೇ ಒಂದೊಂದು ಕೆಲಸ ನೆನೆಸಿಕೊಳ್ಳುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು. "ಹಾಗಾದ್ರೆ ಐಸ್ ಫ್ಯಾಕ್ಟರೀಲಿ?"

"ಹೂಂ."

"ಅಲ್ಲಿ ನಾನು ತಲೆ ತೂರಿಸಿದ್ದೆ ಅತ್ತಿಗೆ. ಕೈಯಲ್ಲ, ತಲೆ! ಅದರಡಿ ಮಲಗಿ ತಲೆ ತೂರಿಸಿದ್ದೆ! ಯಾರ ಕಿವಿ ನಂಬಿ ತೂರಿಸಿದ್ದೆ ನಾನು?"

ಅವಳು ಸ್ಟ್ಯಾಂಡಿನಿಂದ ಪಾದ ತೆಗೆಯದೆ ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು. "ನನ್ನ ಕೈ ನಂಬಿ. ನಿನಗೆ ಗೊತ್ತಿರಲಿಲ್ಲ, ಅಷ್ಟೇ. ಹೇಳಬೇಕಿತ್ತು. ಇವತ್ತು ಬೆಳಿಗ್ಗೇನಾದ್ರೂ ಹೇಳಬೇಕಿತ್ತು. ತಪ್ಪು ನಂದೇ, ಹೇಗೆ ಬೇಕಾದ್ರೂ ಬೈ."

ಅವನು ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಸರಪಳಿ ಹಿಡಿದೇ ನಿಂತಿದ್ದ ದೊಡ್ಡವನು, ಇಬ್ಬರ ತುಟಿಯನ್ನೂ ಒಟ್ಟಿಗೆ ನೋಡಲಾಗದೆ ಅತ್ತಿತ್ತ ತಲೆ ತಿರುಗಿಸುತ್ತಿದ್ದವನು, ಹೆಂಡತಿಯನ್ನು ಕೇಳಿದ.

"ಏನಂತಾನೆ ಅವನು?"

ಇಷ್ಟು ದಿನ ಒಬ್ಬರ ಮುಂದೆಯೂ ಆಡದ ಮಾತು ಅದು. ಸದ್ದಿನ ಅಂದಾಜಿಲ್ಲದ ಆ ದನಿ ಕೋಣೆಗೆಲ್ಲ ಕೇಳುವ ಹಾಗಿತ್ತು. ಚಿಕ್ಕವನು ಆಗಷ್ಟೇ ಮೊದಲ ಸಲ ಅಣ್ಣನ ಕಡೆ ತಿರುಗಿದ. ಎಡಗಿವಿಯ ಮೇಲೆ ಬಿಲ್ಲೆ ಬಡಿದ ಜಾಗ ಕೆಂಪಾಗಿತ್ತು. ಗದರಿಸಿಕೊಂಡ ಮಗುವಿನ ಹಾಗೆ ತಮ್ಮನ ಬಾಯನ್ನೇ ನೋಡುತ್ತ ನಿಂತಿದ್ದ ಆ ಗಟ್ಟಿಮುಟ್ಟಾದ ಮನುಷ್ಯನನ್ನು ನೋಡಿ ಚಿಕ್ಕವನು ಬೈಗುಳ ಬಿಟ್ಟು ಬೆರಳಿನ ಟವೆಲ್ಲು ಬಿಗಿದುಕೊಂಡ. ಸಿಟ್ಟು ಹೋಯಿತೆಂದಲ್ಲ, ಅದು ಬಹಳ ದಿನ ಉಳಿಯುವ ಸಿಟ್ಟು. ಆದರೆ ಅದನ್ನು ಕೇಳಿಸುವುದು ಯಾರಿಗೆ?

ದೊಡ್ಡವನು ಉತ್ತರಕ್ಕೆ ಕಾಯಲಿಲ್ಲ. ಸರಪಳಿಯನ್ನು ಕೊಕ್ಕೆಗೆ ಸಿಕ್ಕಿಸಿ ಭದ್ರ ಮಾಡಿದ. ಹೆಂಡತಿ ಕೂತಿದ್ದಲ್ಲಿಗೆ ಬಂದು, ಜಾರುವ ಕಾಲಿನ ಮೇಲೆ ತನ್ನ ಎರಡೂ ಪಾದ ಊರಿ ನಿಂತುಕೊಂಡ. ಅವನ ತೂಕಕ್ಕೆ ಸ್ಟ್ಯಾಂಡು ಅಲ್ಲಾಡಲಿಲ್ಲ. ಆಮೇಲೆ ಹೆಂಡತಿಗೆ ಸರಪಳಿಯ ಕಡೆ ಗಲ್ಲ ಮುಂದೆ ಮಾಡಿ ತೋರಿಸಿದ.

"ನಾನಾ?" ಎಂದಳು ಅವಳು.

ಅವನು ತಲೆಯಾಡಿಸಿದ. ಮುಖ ಬೇರೆ ಕಡೆ ತಿರುಗಿಸಿಕೊಂಡ, ಕಣ್ಣು ಒರೆಸಿಕೊಳ್ಳಲಿಲ್ಲ.

ಅತ್ತಿಗೆ ಎದ್ದಳು. ಕಾಲು ಜೋಮು ಹಿಡಿದಿತ್ತು. ಸರಪಳಿಯ ಬಳಿ ಹೋಗಿ, ಗಂಡನ ಕೈಯ ಬಿಸಿ ಇನ್ನೂ ಆರದಿದ್ದ ಕೊಂಡಿಗಳನ್ನು ಹಿಡಿದಳು. ಅದು ಅವಳಿಗೆ ಹೊಸ ಕೆಲಸವಲ್ಲ. ಮನೆಯ ಅಂಗಳದಲ್ಲಿ ಗಾಡಿಯಿಂದ ಸಣ್ಣ ಮೋಟಾರುಗಳನ್ನು ಎಷ್ಟೋ ಸಲ ಇಳಿಸಿದ್ದಳು. ಆದರೆ ಹೊರೆಯ ಕೆಳಗೆ ಯಾರ ಕೈಯೂ ಇರಲಿಲ್ಲ ಆಗ. ಅವಳಿಗೆ ಭಯವಾಯಿತು. ಚಿಕ್ಕವನು ಬರುತ್ತಾನೋ, ಟವೆಲ್ಲು ಸುತ್ತಿದ ಕೈ ಹಿಡಿದುಕೊಂಡು ಬಾಗಿಲು ದಾಟಿ ನೇರ ಕ್ರೇನ್ ಕಂಪನಿಗೆ ಹೋಗಿಬಿಡುತ್ತಾನೋ ಎಂದು ಅವಳು ನೋಡಿದಳು. ಹೋದರೆ ಬೇಡವೆನ್ನುವ ಮುಖ ಅವಳಿಗಿರಲಿಲ್ಲ.

ಚಿಕ್ಕವನು ಬಾಗಿಲ ಕಡೆಗೂ ನೋಡಿದ, ಕಿಂಡಿಯ ಕಡೆಗೂ ನೋಡಿದ. ಕೊನೆಗೆ ಏಣಿಗೆ ಕಾಲಿಟ್ಟ.

ಕೆಳಗೆ ಸೋರಿ ನಿಂತಿದ್ದ ಸೋಪಿನ ನೀರಿನಲ್ಲಿ ಅವನು ನಡೆದಾಡುವುದು ಕೇಳಿಸಿತು. ಸೀಳಿದ ಮರ ತೆಗೆದು ಬೇರೆ ಮರ ಇಟ್ಟದ್ದು ಕೇಳಿಸಿತು. ಏನನ್ನೋ ಹೆಕ್ಕಿ ಬಟ್ಟೆಗೆ ಒರೆಸಿದ್ದು ಕೇಳಿಸಿತು, ಆಮೇಲೆ ಕಬ್ಬಿಣಕ್ಕೆ ತಾಮ್ರ ತಾಗಿದ ಸಣ್ಣ ಸದ್ದು. ಬಿಲ್ಲೆ ಅವನಿಗೆ ಸಿಕ್ಕಿತ್ತು.

"ಎಡಗೈ ಹಾಕ್ತಿದೀನಿ," ಎಂದ ಅವನು.

ಅವಳು ಕಣ್ಣು ಮುಚ್ಚಿದಳು. ಪಕ್ಕದ ಕೋಣೆಯ ಗುರುಗುಟ್ಟುವಿಕೆ, ಎಲ್ಲೋ ತೊಟ್ಟಿಕ್ಕುವ ನೀರು, ಹಿಂದೆ ಗಂಡನ ಉಸಿರು, ಎಲ್ಲವೂ ಒಂದೊಂದಾಗಿ ಕೇಳಿಸಿದವು. ತಾನು ಇಷ್ಟು ಕೇಳಬಲ್ಲೆನೆಂದು ಅವಳಿಗೇ ಗೊತ್ತಿರಲಿಲ್ಲ. ಅವನು ಕೂಗುವವರೆಗೆ ಅವಳು ಅಲ್ಲಾಡಲಿಲ್ಲ.

ಬಹಳ ಹೊತ್ತು ಆಯಿತೆನ್ನಿಸಿದ ಮೇಲೆ ಕತ್ತಲೊಳಗಿನಿಂದ ದನಿ ಬಂತು.

"ಅತ್ತಿಗೇ, ಕಾಸು."

ಅವಳು ಒಂದು ಹಿಡಿ ಜಗ್ಗಿದಳು.